ಯಾರಾದ್ರೂ ಫೋನ್ ಮಾಡಿರ್ತಾರೆ

ಎರಡು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಮುಗಿದು ಮೂರು ದಿನ ಆಗಿತ್ತು. ಮಂಡ್ಯದ ನಮ್ಮ ಮನೆಯಲ್ಲಿ ಆ ರಾತ್ರಿ ಏಳು ಜನ ಮಲಗಿದ್ದೆವು. ಅಪ್ಪ, ಅವ್ವ, ಅಣ್ಣ, ಅತ್ತಿಗೆ, ಅವರ ಮಗಳು, ಹಬ್ಬಕ್ಕೆ ಬಂದು ಉಳಿದಿದ್ದ ಸೋದರತ್ತೆ, ನಾನು.

ಎರಡೂವರೆ ಹೊತ್ತಿಗೆ ಅವ್ವ ಬಂದು ಭುಜ ಅಲುಗಿಸಿದಳು. "ನಿಮ್ಮಪ್ಪ ಯಾಕೋ ಒಂಥರಾ ಮಾಡ್ತಾವ್ರೆ, ಬಾ."

ಅಪ್ಪ ಹಾಲ್‌ನಲ್ಲಿ ದಿವಾನದ ಅಂಚಿಗೆ ಕೂತಿದ್ದರು. ಹೊರಗೆ ಮಾಗಿ ಚಳಿ. ಆದರೆ ಅವರ ಬನಿಯನ್ ಹಿಂಡಿದರೆ ನೀರು ಬರುವ ಹಾಗೆ ಒದ್ದೆಯಾಗಿತ್ತು. ಹಣೆಯ ಮೇಲೆ, ಮೀಸೆಯ ಮೇಲೆ ಬೆವರಿನ ಹನಿ. ಒಂದು ಕೈ ಎದೆಯ ಮೇಲೆ, ಇನ್ನೊಂದು ಕೈ ದಿವಾನದ ಹಾಸಿಗೆಯನ್ನು ಬಿಗಿಯಾಗಿ ಹಿಡಿದಿತ್ತು.

"ಏನಿಲ್ಲ ಕಣ್ ಮಗ, ಗ್ಯಾಸು. ಎದೆ ಹಿಡ್ಕಂಡಂಗದೆ ಅಷ್ಟೇಯ" ಅಂದರು.

ನಾವೆಲ್ಲ ಅದನ್ನೇ ನಂಬಿದೆವು. ನಂಬಲು ಕಾರಣವೂ ಇತ್ತು. ಅವರೆಕಾಯಿ ಕಾಲ. ರಾತ್ರಿ ಹಿತಕಿದ ಅವರೆಕಾಳು ಸಾರು, ಮುದ್ದೆ. ಅಪ್ಪ ಎರಡು ಸಲ ಹಾಕಿಸಿಕೊಂಡಿದ್ದರು. ಅವ್ವ ಜೀರಿಗೆ ಕುದಿಸಲು ಒಳಗೆ ಹೋದಳು. ಅತ್ತೆ ಬೆನ್ನಿಗೆ ನೀಲಗಿರಿ ಎಣ್ಣೆ ತಿಕ್ಕಿದರು. ಅತ್ತಿಗೆ ಇಂಗು ಹುಡುಕಿದರು. ನಾನು ಅಂಗಾಲು ಉಜ್ಜಿದೆ. ಅಪ್ಪ ಒಂದು ಲೋಟ ಜೀರಿಗೆ ನೀರು ಕುಡಿದು, ಅಷ್ಟನ್ನೂ ವಾಂತಿ ಮಾಡಿದರು. ಆಗ ಅಣ್ಣ "ಆಸ್ಪತ್ರೆಗೆ ಹೋಗೋಣ" ಅಂದ.

ಅಲ್ಲಿಂದ ಮುಂದಿನ ಇಪ್ಪತ್ತು ನಿಮಿಷದ ಬಗ್ಗೆಯೇ ನಾನು ಇದನ್ನೆಲ್ಲ ಬರೆಯುತ್ತಿರುವುದು.

ಅಣ್ಣ ಕಿವಿಗೆ ಫೋನ್ ಇಟ್ಟುಕೊಂಡು ವರಾಂಡದಲ್ಲಿ ಓಡಾಡುತ್ತಿದ್ದ. 108ಕ್ಕೆ ಮಾತಾಡುತ್ತಿದ್ದಾನೆ ಅಂತ ನಾನು ಅಂದುಕೊಂಡೆ. ಅವನು ಕಾರು ಇರುವ ಗೆಳೆಯನಿಗೆ ಫೋನ್ ಹಚ್ಚುತ್ತಿದ್ದ, ಅವನು ಎತ್ತುತ್ತಿರಲಿಲ್ಲ. ಆಂಬ್ಯುಲೆನ್ಸ್‌ಗೆ ನಾನು ಹೇಳಿದ್ದೇನೆ ಅಂತ ಅಣ್ಣ ತಿಳಿದಿದ್ದ. ನಾವಿಬ್ಬರಲ್ಲಿ ಒಬ್ಬರು ಹೇಳಿರುತ್ತೇವೆ ಅಂತ ಅತ್ತಿಗೆ ತಿಳಿದಿದ್ದರು. ಗಂಡುಮಕ್ಕಳು ನೋಡಿಕೊಳ್ಳುತ್ತಾರೆ ಅಂತ ಅವ್ವ. ಇಪ್ಪತ್ತು ನಿಮಿಷ ಆದ ಮೇಲೆ ಅತ್ತೆ ಕೇಳಿದರು, "ಇನ್ನೂ ಯಾಕೆ ಬರ್ನಿಲ್ಲ ಆ ಗಾಡಿ?" ಆಗ ಗೊತ್ತಾಯಿತು. ಏಳು ಜನ ಇದ್ದ ಮನೆಯಲ್ಲಿ ಒಬ್ಬರೂ ಫೋನ್ ಮಾಡಿರಲಿಲ್ಲ.

ಕೊನೆಗೆ ಎದುರು ಮನೆಯವರ ಕಾರಿನಲ್ಲಿ ಹೋದೆವು. ಅದಕ್ಕೂ ಮೊದಲು ಗೇಟಿನ ಬೀಗದ ಕೈ ಸಿಗಲಿಲ್ಲ. ಸಿಕ್ಕಿದ ಮೇಲೆ, ಗೇಟಿಗೆ ಅಡ್ಡ ನಿಲ್ಲಿಸಿದ್ದ ಸ್ಕೂಟರಿನ ಕೀ ಸಿಗಲಿಲ್ಲ. ಆಸ್ಪತ್ರೆ ಮುಟ್ಟಿದಾಗ ನಾಲ್ಕು ಗಂಟೆಗೆ ಹತ್ತು ನಿಮಿಷ ಇತ್ತು. ಮನೆಯಿಂದ ಅಲ್ಲಿಗೆ ಹಗಲು ಹೊತ್ತಿನ ಟ್ರಾಫಿಕ್‌ನಲ್ಲೂ ಕಾಲು ಗಂಟೆ ದಾರಿ.

ಅಲ್ಲಿ ಡ್ಯೂಟಿ ಡಾಕ್ಟರು, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಇಸಿಜಿ ಹಚ್ಚುತ್ತಲೇ ಮೂರು ಪ್ರಶ್ನೆ ಕೇಳಿದರು. ನೋವು ಎಷ್ಟು ಗಂಟೆಗೆ ಶುರುವಾಯಿತು? ದಿನಾ ಏನು ಮಾತ್ರೆ ತಗೋತಾರೆ? ಯಾವುದಾದರೂ ಮಾತ್ರೆ, ಇಂಜೆಕ್ಷನ್ ಆಗಿಬರಲ್ವಾ?

ಮೊದಲ ಪ್ರಶ್ನೆಗೆ ನಾವು ಮೂವರು ಮೂರು ಬೇರೆ ಬೇರೆ ಹೊತ್ತು ಹೇಳಿದೆವು. ಎರಡನೇದಕ್ಕೆ ಅವ್ವ "ಬಿಪಿದು, ಒಂದು ಬಿಳಿ ಮಾತ್ರೆ, ಚಿಕ್ಕದು" ಅಂದಳು. ಮೂರನೇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಆ ಡಾಕ್ಟರು ಬೈಯಲಿಲ್ಲ. ದಿನಾ ಕೇಳುವ ಉತ್ತರ ಅದು ಅಂತ ಅವರ ಮುಖದಲ್ಲೇ ಕಾಣುತ್ತಿತ್ತು. "ಬಿಳಿ ಮಾತ್ರೆ ನೂರಾರು ಇವೆ ಅಮ್ಮಾ" ಅಂತ ಮೆತ್ತಗೆ ಅಂದು ತಮ್ಮ ಕೆಲಸಕ್ಕೆ ಇಳಿದರು.

ಹಾರ್ಟ್ ಅಟ್ಯಾಕ್. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು. ಬೆಳಕು ಹರಿಯುವ ಮುಂಚೆಯೇ ಆಂಬ್ಯುಲೆನ್ಸ್‌ನಲ್ಲಿ ಮೈಸೂರಿಗೆ ಕಳಿಸಿದರು. ನಲವತ್ತೈದು ಕಿಲೋಮೀಟರ್. ಆ ದಾರಿಯುದ್ದಕ್ಕೂ ನಾನು ಅಪ್ಪನ ಕಾಲು ಹಿಡಿದುಕೊಂಡು ಕೂತಿದ್ದೆ. ಸ್ಟೆಂಟ್ ಹಾಕಿದರು. ಅಪ್ಪ ಉಳಿದರು. ಆದರೆ ಹೃದಯದ ಒಂದು ಭಾಗದ ಬಲ ಹೋಗಿತ್ತು. "ಪಂಪಿಂಗ್ ಸ್ವಲ್ಪ ಕಮ್ಮಿ ಆಗಿದೆ" ಅಂದರು ಡಾಕ್ಟರು. ಈಗ ಅಪ್ಪ ಮಹಡಿ ಮೆಟ್ಟಿಲು ಹತ್ತುವಾಗ ಆರನೇ ಮೆಟ್ಟಿಲಲ್ಲಿ ಒಂದು ಸಲ ನಿಲ್ಲುತ್ತಾರೆ. ಅವರು ಹಾಗೆ ನಿಂತಾಗಲೆಲ್ಲ ನನಗೆ ಆ ಇಪ್ಪತ್ತು ನಿಮಿಷ ನೆನಪಾಗುತ್ತದೆ.

ಹೃದಯಕ್ಕೆ ರಕ್ತ ಹರಿಸುವ ನಾಳ ಕಟ್ಟಿಕೊಂಡರೆ, ಅದರ ಆಸರೆಯಲ್ಲಿರುವ ಮಾಂಸಖಂಡ ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ಹೆಪ್ಪು ಬೇಗ ಕರಗಿದಷ್ಟೂ ಜಾಸ್ತಿ ಉಳಿಯುತ್ತದೆ. ಹೊತ್ತು ಕಳೆದಂತೆ ಇಂಜೆಕ್ಷನ್ನಿನ ಉಪಯೋಗವೂ ಕಮ್ಮಿ. ಇದು ನನಗೆ ಮೊದಲೇ ಗೊತ್ತಿರಲಿಲ್ಲ ಅಂತ ಹೇಳಲಾರೆ. 2021ರ ಅಕ್ಟೋಬರ್ 29ರಂದು ಅಪ್ಪು ಹೋದಾಗ ನಮ್ಮ ಬೀದಿಯಲ್ಲಿ ಎಷ್ಟೋ ಜನ ಎದೆ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದರು. ವಾಟ್ಸಾಪ್ ತುಂಬ ಅದೇ ಮಾತು. ಅವರ ಹೆಸರಿನಲ್ಲೇ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಅಟ್ಯಾಕ್ ಅಂತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಕೊಡುತ್ತಾರೆ, ದುಡ್ಡಿಲ್ಲದೆ. ತುಂಬಾ ದುಬಾರಿ ಇಂಜೆಕ್ಷನ್ ಅದು. ಇಷ್ಟೆಲ್ಲ ಏರ್ಪಾಡು ಇದೆ. ಆದರೆ ಆ ಏರ್ಪಾಡು ಶುರುವಾಗುವುದು ನಾವು ಆಸ್ಪತ್ರೆಯ ಬಾಗಿಲು ಮುಟ್ಟಿದ ಮೇಲೆ. ನಮ್ಮ ಮನೆಯ ಗೇಟಿನ ಬೀಗ ತೆಗೆಯಲು ಯಾವ ಯೋಜನೆಯೂ ಬರುವುದಿಲ್ಲ.

ನನ್ನ ಅನುಭವದಲ್ಲಿ, ನಮ್ಮ ಮನೆಗಳಲ್ಲಿ ತುಂಬಾ ಅಪಾಯದ ಮಾತು ಯಾವುದು ಅಂದರೆ "ಗ್ಯಾಸು". ಎದೆ ಹಿಡಿದಂತಾಗಿ ಮೈ ಬೆವೆತರೆ, ನೋವು ಎಡಗೈಗೋ ದವಡೆಗೋ ಬೆನ್ನಿಗೋ ಹರಿದರೆ, ಉಸಿರು ಕಟ್ಟಿದಂತಾದರೆ ಅದನ್ನು ಗ್ಯಾಸು ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಹೆಂಗಸರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಎದೆನೋವೇ ಇಲ್ಲದೆ ಸುಮ್ನೆ ಸುಸ್ತು, ಬೆವರು, ವಾಕರಿಕೆ ಮಾತ್ರ ಬರಬಹುದು. ಇಸಿಜಿ ತೆಗೆದು ಗ್ಯಾಸು ಅಂತ ಅವರು ಹೇಳಲಿ. ಹೇಳಿದರೆ ನಗುನಗುತ್ತಾ ಮನೆಗೆ ಬರೋಣ.

ಅಪ್ಪ ಮನೆಗೆ ಬಂದ ಎರಡನೇ ಭಾನುವಾರ ನಾವೆಲ್ಲ ಹಾಲ್‌ನಲ್ಲಿ ಕೂತೆವು. ಆ ರಾತ್ರಿ ಯಾರು ಏನು ಮಾಡಿದೆವು ಅಂತ ಒಬ್ಬೊಬ್ಬರೇ ಹೇಳಿದೆವು. ಕಷ್ಟದ ಮಾತುಕತೆ. ಅಣ್ಣನ ಕಣ್ಣಲ್ಲಿ ನೀರು ಬಂತು. ಅವ್ವ ಅರ್ಧಕ್ಕೆ ಎದ್ದು ಅಡುಗೆಮನೆಗೆ ಹೋದಳು. ಆದರೂ ಕೂತೆವು. ಕೊನೆಗೆ ಒಂದು ಹಾಳೆ ತಯಾರಾಯಿತು. ಅತ್ತಿಗೆಯ ಅಕ್ಷರ ದುಂಡಗೆ, ದೊಡ್ಡದು. ಅವರೇ ಬರೆದರು. ಅದು ಈಗಲೂ ಫ್ರಿಜ್ಜಿನ ಬಾಗಿಲ ಮೇಲಿದೆ.

ಹಾಳೆಯಲ್ಲಿ ಎಲ್ಲಕ್ಕಿಂತ ಮೇಲೆ ಇರುವುದು ಹೆಸರುಗಳು. 108ಕ್ಕೆ ಫೋನ್ ಮಾಡುವುದು ಅತ್ತಿಗೆ. ಅವರು ಮನೆಯಲ್ಲಿ ಇಲ್ಲದಿದ್ದರೆ ನಾನು. ಗೇಟು, ಗಾಡಿ, ಬೀದಿದೀಪ ಅಣ್ಣ. ಫೈಲು, ಆಧಾರ್, ರೇಷನ್ ಕಾರ್ಡು, ದುಡ್ಡು ಇರುವ ಚೀಲ ನಾನು. ಕಾಯಿಲೆ ಬಿದ್ದವರ ಪಕ್ಕ ಕೂತು ಕೈ ಹಿಡಿದುಕೊಳ್ಳುವುದು ಅವ್ವ. ಟಾರ್ಚ್ ಹಿಡಿದು ಬೀದಿ ತಿರುವಿನಲ್ಲಿ ನಿಂತು ಆಂಬ್ಯುಲೆನ್ಸ್‌ಗೆ ದಾರಿ ತೋರಿಸುವುದು ಅಣ್ಣನ ಮಗಳು, ಒಬ್ಬಳೇ ಅಲ್ಲ, ಎದುರು ಮನೆಯವರನ್ನು ಎಬ್ಬಿಸಿಕೊಂಡು. ಅವಳಿಗೆ ಆಗ ಹನ್ನೊಂದು. ಅಷ್ಟು ಚಿಕ್ಕ ಮಗುವಿಗೆ ಯಾಕೆ ಅಂತ ಅವ್ವ ಬೇಡ ಅಂದಿದ್ದಳು. ನನಗೆ ಬೇರೆ ಥರ ಅನ್ನಿಸಿತು. ಆ ರಾತ್ರಿ ಆ ಮಗು ಒಂದು ಮೂಲೆಯಲ್ಲಿ ನಿಂತು ಗಡಗಡ ನಡುಗುತ್ತಿತ್ತು. ಮಾಡಲು ಒಂದು ಕೆಲಸ ಇದ್ದಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

108 ನಮ್ಮ ರಾಜ್ಯದಲ್ಲಿ ಶುರುವಾಗಿದ್ದು 2008ರ ನವೆಂಬರ್ 1ರಂದು, ಆರೋಗ್ಯ ಕವಚ ಅನ್ನುವ ಹೆಸರಿನಲ್ಲಿ. ಪೊಲೀಸು, ಬೆಂಕಿ ಎಲ್ಲದಕ್ಕೂ ಸೇರಿಸಿ 112 ಕೂಡ ಇದೆ. ಆ ಕಡೆಯವರು ಜಿಲ್ಲೆ, ತಾಲ್ಲೂಕು, ಊರು, ಗುರುತಿನ ಜಾಗ, ಏನಾಗಿದೆ, ವಯಸ್ಸೆಷ್ಟು ಅಂತ ಕೇಳುತ್ತಾರೆ. ಗಾಬರಿಯಲ್ಲಿ ನಮ್ಮ ಮನೆ ವಿಳಾಸವೇ ನಮ್ಮ ಬಾಯಿಗೆ ಬರುವುದಿಲ್ಲ, ಇದು ನಿಜ. ಅದಕ್ಕೆ ಹಾಳೆಯಲ್ಲಿ ವಿಳಾಸವನ್ನು ದಾರಿ ಹೇಳುವ ಹಾಗೆಯೇ ಬರೆದಿದ್ದೇವೆ. ಯಾವ ಸರ್ಕಲ್, ಯಾವ ದೇವಸ್ಥಾನದ ಪಕ್ಕ, ಎಷ್ಟನೇ ತಿರುವು, ಗೇಟಿನ ಬಣ್ಣ. ಓದಿದರೆ ಸಾಕು. ಫೋನನ್ನು ಅವರು ಇಡುವ ತನಕ ನಾವು ಇಡಬಾರದು. ಆಮೇಲೆ ಆ ಫೋನಿನಿಂದ ನೆಂಟರಿಗೆಲ್ಲ ಸುದ್ದಿ ಹೇಳುತ್ತಾ ಕೂರಬಾರದು, ಡ್ರೈವರ್ ಅದಕ್ಕೇ ವಾಪಸ್ ಮಾಡುತ್ತಾರೆ.

ಹಾಳೆಯ ಕೆಳಗಿನ ಅರ್ಧ ಮಾತ್ರೆಗಳದು. ಅಪ್ಪನದು, ಅವ್ವನದು, ಬೇರೆ ಬೇರೆ. ಮಾತ್ರೆಯ ಹೆಸರು ಕನ್ನಡದಲ್ಲಿ, ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿಗೆ, ಯಾಕೆ. ಅವ್ವನಿಗೆ ಸಲ್ಫಾ ಔಷಧಿ ಆಗುವುದಿಲ್ಲ ಅಂತ ಕೆಂಪು ಪೆನ್ನಿನಲ್ಲಿ. ಅದರ ಫೋಟೋ ಎಲ್ಲರ ಮೊಬೈಲಿನಲ್ಲೂ ಇದೆ. ಎದೆನೋವಿಗೆ ಆಸ್ಪಿರಿನ್ ಅಗಿದು ನುಂಗಿಸುವ ವಿಷಯ ಜಾಸ್ತಿ ಜನ ಕೇಳುತ್ತಾರೆ. ಸಾಮಾನ್ಯವಾಗಿ 300 ಮಿಲಿಗ್ರಾಂ ಕೊಡುತ್ತಾರೆ, ಅಗಿದರೆ ಬೇಗ ರಕ್ತಕ್ಕೆ ಸೇರುತ್ತದೆ. ಆದರೆ ಹೊಟ್ಟೆ ಹುಣ್ಣಿನಿಂದ ರಕ್ತ ಹೋಗುವವರಿಗೆ, ಆ ಮಾತ್ರೆ ಆಗದವರಿಗೆ ಅದು ಅಪಾಯ. ಲಕ್ವ ಹೊಡೆದಿದೆ ಅನ್ನಿಸಿದರೆ ಕೊಡಲೇಬಾರದು, ತಲೆಯೊಳಗೆ ರಕ್ತನಾಳ ಒಡೆದಿದ್ದರೆ ಇನ್ನಷ್ಟು ಹರಿಯುತ್ತದೆ. ನಿಮ್ಮ ಮನೆಯ ಹಿರಿಯರಿಗೆ ಕೊಡಬಹುದಾ ಅಂತ ಅವರ ಡಾಕ್ಟರನ್ನು ಈಗಲೇ, ಚೆನ್ನಾಗಿರುವಾಗಲೇ ಕೇಳಿ ಹಾಳೆಯಲ್ಲಿ ಬರೆದುಕೊಳ್ಳಿ.

ಲಕ್ವದ ಮಾತು ಬಂತು. ಅದಕ್ಕೂ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಆದರೆ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದೂ ತಲೆಯ ಸಿಟಿ ಸ್ಕ್ಯಾನ್ ನೋಡಿದ ಮೇಲೆ. ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಒಂದು ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಬೇಕು. ನೀರು ಕೂಡ ಕುಡಿಸಬಾರದು. ಪಾರಿವಾಳದ ರಕ್ತ, ಎಣ್ಣೆ, ನಾಟಿ ಔಷಧಿ ಅಂತ ಎರಡು ದಿನ ಅಲೆದ ಮೇಲೆ ಆಸ್ಪತ್ರೆಗೆ ಬಂದವರನ್ನು ಅಪ್ಪನ ವಾರ್ಡಿನಲ್ಲೇ ನೋಡಿದೆ. ಅವರು ದಡ್ಡರಲ್ಲ. ಪ್ರೀತಿ ಇಲ್ಲದವರೂ ಅಲ್ಲ. ಆ ಹೊತ್ತಿನಲ್ಲಿ ಯಾರು ಗಟ್ಟಿಯಾಗಿ ಮಾತಾಡಿದರೋ ಅವರ ಮಾತು ನಡೆದಿತ್ತು, ಅಷ್ಟೇ.

ಇನ್ನು ಕೆಲಸದ ಜಾಗದ ವಿಷಯ. ನಾನು ಮೈಸೂರಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ದಿನಾ ರೈಲಿನಲ್ಲಿ ಓಡಾಟ. ಅಪ್ಪನ ವಿಷಯ ಆಗಿ ಎಂಟು ತಿಂಗಳಿಗೆ, ಒಂದು ಬೆಳಿಗ್ಗೆ ನೈಟ್ ಶಿಫ್ಟ್ ಮುಗಿಸಿ ಹೊರಟಿದ್ದ ನಮ್ಮ ಸಹೋದ್ಯೋಗಿಯೊಬ್ಬರು ಟೈಮ್ ಆಫೀಸ್ ಮುಂದೆ ತೂರಾಡಿದರು. ಮಾತು ಅಡ್ಡಾದಿಡ್ಡಿ. ಕೈ ನಡುಗುತ್ತಿತ್ತು. ಕುಡಿದಿದ್ದಾರೆ ಅಂತ ಒಬ್ಬರು. ಫಿಟ್ಸ್ ಅಂತ ಇನ್ನೊಬ್ಬರು ಬೀಗದ ಕೈ ಗೊಂಚಲನ್ನು ಅವರ ಅಂಗೈಗೆ ತುರುಕಿದರು. ಹೌಸ್‌ಕೀಪಿಂಗ್‌ನಲ್ಲಿರುವ ಒಬ್ಬ ಅಕ್ಕ ಮಾತ್ರ ಹತ್ತಿರ ಬಂದು ಅವರ ಕುತ್ತಿಗೆ ಮುಟ್ಟಿ, "ಅಣ್ಣಾ, ಶುಗರ್ ಇಂಜೆಕ್ಷನ್ ತಗೊಂಡು ತಿಂಡಿ ತಿಂದಿಲ್ವಾ?" ಅಂತ ಕೇಳಿದರು. ಆಕೆಯ ಗಂಡನಿಗೂ ಸಕ್ಕರೆ ಕಾಯಿಲೆ. ಕ್ಯಾಂಟೀನಿಂದ ಸಕ್ಕರೆ ತರಿಸಿ, ಮೂರು ಚಮಚದಷ್ಟನ್ನು ನೀರಿಗೆ ಕದಡಿ, ಅವರು ಎಚ್ಚರವಾಗಿದ್ದು ನುಂಗಬಲ್ಲರು ಅಂತ ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಕುಡಿಸಿದರು. ಹದಿನೈದು ನಿಮಿಷಕ್ಕೆ ಅವರು ಕಣ್ಣು ಒರೆಸಿಕೊಂಡು "ಏನಾಯ್ತು?" ಅಂದರು.

ರಕ್ತದ ಸಕ್ಕರೆ 70ಕ್ಕಿಂತ ಇಳಿದರೆ ಹೀಗೆ ಆಗಬಹುದು. ಎಚ್ಚರ ಇದ್ದರೆ ಸಕ್ಕರೆ, ಬೆಲ್ಲ, ಜ್ಯೂಸು ಏನಾದರೂ ಸಿಹಿ ಕೊಡಬೇಕು, ಆಮೇಲೆ ಹೊಟ್ಟೆಗೆ ಊಟ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಉಸಿರುಗೊಳವೆಗೆ ಹೋಗುತ್ತದೆ. ಮಗ್ಗುಲಿಗೆ ಮಲಗಿಸಿ 108 ಕರೆಯಬೇಕು. ನಿಜವಾಗಿ ಫಿಟ್ಸ್ ಬಂದಿದ್ದರೂ ಬೀಗದ ಕೈ, ಕಬ್ಬಿಣ, ಈರುಳ್ಳಿ ಯಾವುದೂ ಕೆಲಸ ಮಾಡುವುದಿಲ್ಲ. ತಲೆ ನೆಲಕ್ಕೆ ಬಡಿಯದಂತೆ ಬಟ್ಟೆ ಇಟ್ಟು, ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ಆಂಬ್ಯುಲೆನ್ಸ್.

ಅವತ್ತು ನಮ್ಮ ಪ್ರಥಮ ಚಿಕಿತ್ಸೆ ಪೆಟ್ಟಿಗೆ ಎಲ್ಲಿತ್ತು? ಆಫೀಸಿನ ಗೋಡೆಯ ಮೇಲೆ, ಬೀಗ ಹಾಕಿಕೊಂಡು. ಕೀ ಇಟ್ಟುಕೊಂಡವರು ಬರುವುದು ಒಂಬತ್ತೂವರೆಗೆ. ಆಮೇಲೆ ತೆಗೆದು ನೋಡಿದರೆ ಹತ್ತಿ, ಅವಧಿ ಮುಗಿದ ಮುಲಾಮು, ಗಟ್ಟಿಯಾಗಿ ಹೋದ ಪ್ಲಾಸ್ಟರ್ ರೋಲು. 1948ರ ಕಾರ್ಖಾನೆ ಕಾಯ್ದೆಯಲ್ಲೇ 150 ಕೆಲಸಗಾರರಿಗೆ ಒಂದರಂತೆ ಪೆಟ್ಟಿಗೆ ಇಡಬೇಕು ಅಂತ ಬರೆದಿತ್ತು. ಅಷ್ಟೇ ಅಲ್ಲ, ತರಬೇತಿ ಆದ ಒಬ್ಬರ ಸುಪರ್ದಿಯಲ್ಲಿ ಅದು ಇರಬೇಕು, ಕೆಲಸ ನಡೆಯುವಷ್ಟು ಹೊತ್ತೂ ಅವರು ಸಿಗಬೇಕು ಅಂತಲೂ ಇತ್ತು. ಪೆಟ್ಟಿಗೆಯ ಜೊತೆ ಒಬ್ಬ ಮನುಷ್ಯನನ್ನೂ ಆ ಕಾನೂನು ಕೇಳಿತ್ತು. ನಾವು ಪೆಟ್ಟಿಗೆ ಮಾತ್ರ ಮೊಳೆ ಹೊಡೆದು ನೇತುಹಾಕಿದ್ದೆವು.

ಮ್ಯಾನೇಜರ್ ಹತ್ತಿರ ಹೋಗಿ ಹೇಳಿದೆ. ಒಳ್ಳೆಯವರು, ಕೇಳಿಸಿಕೊಂಡರು. ಬೀಗ ತೆಗೆಸಿದರು. ಪ್ರತಿ ಶಿಫ್ಟಿಗೆ ಇಬ್ಬರ ಹೆಸರು, ಫೋಟೋ ಗೋಡೆಗೆ ಹಾಕಿಸಿದರು. ತಮಗೆ ಇರುವ ಕಾಯಿಲೆಯನ್ನು ಈ ಇಬ್ಬರಿಗೆ ಹೇಳಿಡಬಹುದು, ಕಡ್ಡಾಯ ಏನಿಲ್ಲ ಅಂದರು. ಮೊದಲ ವಾರ ಯಾರೂ ಹೇಳಲಿಲ್ಲ. ಕಾಯಿಲೆ ಗೊತ್ತಾದರೆ ಕೆಲಸಕ್ಕೆ ಕುತ್ತು ಬರುತ್ತದೇನೋ ಅನ್ನುವ ಭಯ ಎಲ್ಲರಿಗೂ ಇತ್ತು. ಆ ಭಯ ಸುಳ್ಳು ಅಂತ ನಾನು ಅನ್ನಲಾರೆ. ನಿಧಾನಕ್ಕೆ ಒಬ್ಬೊಬ್ಬರೇ ಬಂದರು. ಕ್ರೇನ್ ಮೇಲೆ ಕೆಲಸ ಮಾಡುವ ಹುಡುಗನೊಬ್ಬ ತನಗೆ ಚಿಕ್ಕಂದಿನಿಂದ ಫಿಟ್ಸ್ ಇದೆ ಅಂದಾಗ ನನ್ನ ಎದೆ ಧಸಕ್ ಅಂತು. ಅವನಿಗೆ ನೆಲದ ಮೇಲಿನ ಕೆಲಸ ಕೊಟ್ಟರು, ಅದೇ ಸಂಬಳಕ್ಕೆ.

ಆಮೇಲೆ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತುವುದನ್ನು ಕಲಿಸಲು ಒಬ್ಬ ಸ್ಟಾಫ್ ನರ್ಸ್ ಬಂದರು. ಕ್ಯಾಂಟೀನಿನಲ್ಲಿ ಮೇಜು ಸರಿಸಿ, ನೆಲದ ಮೇಲೆ ರಬ್ಬರ್ ಬೊಂಬೆ ಮಲಗಿಸಿದರು. ಎಚ್ಚರ ಇಲ್ಲ, ಉಸಿರಿಲ್ಲ ಅಥವಾ ಏದುಸಿರಿನ ಹಾಗೆ ಆಗೊಮ್ಮೆ ಈಗೊಮ್ಮೆ ಗೊರಕ್ ಅನ್ನುತ್ತಿದ್ದಾರೆ ಅಂದರೆ ಕಾಯಬೇಡಿ ಅಂದರು. ಎದೆಯ ನಡುವಿನ ಮೂಳೆಯ ಕೆಳ ಅರ್ಧಕ್ಕೆ ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚಬಾರದು. ಭುಜ ನೇರ ಮೇಲಿರಬೇಕು. ಐದು ಸೆಂಟಿಮೀಟರ್ ಒಳಗೆ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಬೇಕು. ಬೊಂಬೆಯೊಳಗೆ ಒಂದು ಸ್ಪ್ರಿಂಗ್ ಇತ್ತು, ಸರಿಯಾಗಿ ಒತ್ತಿದರೆ ಟಕ್ ಅನ್ನುತ್ತಿತ್ತು. ನಾನು ಮೊದಲ ಹತ್ತು ಸಲ ಒತ್ತಿದಾಗ ಒಂದೂ ಟಕ್ ಬರಲಿಲ್ಲ. "ನೋವಾಗುತ್ತೆ ಅಂತ ಮೆತ್ತಗೆ ಒತ್ತುತ್ತಿದ್ದೀರಿ. ಹೃದಯ ನಿಂತವರಿಗೆ ನೋವಿಲ್ಲ ಸಾರ್" ಅಂದರು. ಒಂದು ನಿಮಿಷಕ್ಕೆ ನನ್ನ ಮಣಿಕಟ್ಟು ಬಿದ್ದುಹೋಯಿತು. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಲೇಬೇಕು ಅನ್ನುವುದು ಮೈಗೆ ಗೊತ್ತಾಗಿದ್ದು ಅವತ್ತೇ. ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಲು ಕಲಿತಿರದಿದ್ದರೂ, ಕೊಡಲು ಮನಸ್ಸಾಗದಿದ್ದರೂ ಒತ್ತುವುದನ್ನು ನಿಲ್ಲಿಸಬೇಡಿ ಅಂದರು. ನೀರಲ್ಲಿ ಮುಳುಗಿದವರಿಗೆ ಮಾತ್ರ ಉಸಿರೂ ಮುಖ್ಯ. ನಾಲೆಗಳ ಜಿಲ್ಲೆಯವರಾದ ನಾವು ಅದನ್ನೂ ಕಲಿಯಬೇಕು.

ಆ ತರಬೇತಿಯಲ್ಲಿ ಒಂದು ಗಳಿಗೆ ನನಗೆ ಯಾವತ್ತೂ ಮರೆಯುವುದಿಲ್ಲ. ಬೊಂಬೆಯ ಪಕ್ಕ ಮಂಡಿಯೂರಿ ಕೂತ ನಮ್ಮ ಫೋರ್‌ಮನ್, "ಯಾರಾದ್ರೂ 108ಕ್ಕೆ ಫೋನ್ ಮಾಡ್ರಪ್ಪಾ" ಅಂತ ಕೂಗಿದರು. ಸಿಸ್ಟರ್ ಅವರನ್ನು ತಡೆದರು. "ನಿಲ್ಲಿ. ಇಲ್ಲಿ ಮೂವತ್ತು ಜನ ಇದ್ದೀರಿ. ಯಾರು ಮಾಡ್ತಾರೆ?" ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. "ಯಾರಾದ್ರೂ ಅಂದ್ರೆ ಯಾರೂ ಇಲ್ಲ. ಬೆರಳು ತೋರಿಸಿ. ನೀವು, ನೀಲಿ ಅಂಗಿ, ನೀವು ಫೋನ್ ಮಾಡಿ, ಮಾಡಿ ಬಂದು ನನಗೆ ಹೇಳಿ ಅನ್ನಿ."

ನಾನು ಎದ್ದು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತು ಮುಖ ತೊಳೆದುಕೊಂಡೆ. ನಮ್ಮ ಹಾಲ್, ದಿವಾನ, ಒದ್ದೆ ಬನಿಯನ್ ಎಲ್ಲ ಕಣ್ಣ ಮುಂದೆ ಬಂತು.

ಮೂರನೇದು ಭಾವನ ಆಲೆಮನೆಯದು. ಅಕ್ಕನನ್ನು ಕೊಟ್ಟಿರುವುದು ಪಾಂಡವಪುರದ ಕಡೆ. ಆಲೆಮನೆ ನೋಡಿದವರಿಗೆ ಗೊತ್ತು, ಎಷ್ಟು ಕಡೆ ಅಪಾಯ ಇದೆ ಅಂತ. ಗಾಣದ ರೋಲರಿಗೆ ಟವಲ್ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಕೊಪ್ಪರಿಗೆಯಲ್ಲಿ ಹದಕ್ಕೆ ಬಂದ ಪಾಕ ಕುದಿಯುವ ನೀರಿಗಿಂತ ಬಿಸಿ, ಮೇಲಾಗಿ ಅಂಟು. ನೀರಾದರೆ ಹರಿದು ಹೋಗುತ್ತದೆ, ಪಾಕ ಚರ್ಮಕ್ಕೆ ಕಚ್ಚಿಕೊಂಡು ಸುಡುತ್ತಲೇ ಇರುತ್ತದೆ.

ಹೋದ ವರ್ಷ ಪಾಕ ಇಳಿಸುವಾಗ ಉತ್ತರ ಪ್ರದೇಶದಿಂದ ಬಂದ ಒಬ್ಬ ಹುಡುಗನ ಮುಂಗೈಗೆ ಎರಚಿತು. ಭಾವ ಮಂಡ್ಯದ ಮಾರ್ಕೆಟ್ಟಿಗೆ ಬಂದಿದ್ದರು. ಅಲ್ಲಿದ್ದವರು ಎಲ್ಲರೂ ಅದೇ ಕಡೆಯ ಹುಡುಗರು. ಒಬ್ಬ ಟೂತ್‌ಪೇಸ್ಟ್ ತರಲು ಓಡಿದ. ಅಕ್ಕ ಮನೆಯಿಂದ ಓಡಿ ಬಂದು, ಪಂಪ್‌ಸೆಟ್ಟಿನ ಪೈಪಿಗೆ ಆ ಕೈ ಒಡ್ಡಿಸಿದಳು. ಕೈ ಊದಿಕೊಳ್ಳುವ ಮೊದಲೇ ಅವನ ಕಡಗ ತೆಗೆಸಿದಳು. ಇಪ್ಪತ್ತು ನಿಮಿಷ ನೀರು ಬಿಡಿಸಿದಳು. ಕಚ್ಚಿಕೊಂಡ ಅಂಗಿಯ ತೋಳನ್ನು ಕೀಳಲು ಬಿಡಲಿಲ್ಲ. ಆಮೇಲೆ ತೊಳೆದ ಪಂಚೆ ಹಗುರವಾಗಿ ಸುತ್ತಿದಳು. ಟೂತ್‌ಪೇಸ್ಟು, ಅರಿಶಿನ, ಇಂಕು ಏನೂ ಬೇಡ, ಐಸೂ ಬೇಡ, ಹರಿಯುವ ನೀರೊಂದೇ ಸಾಕು ಅಂತ ಅವಳಿಗೆ ಹೇಳಿದ್ದು ಆಶಾ ಕಾರ್ಯಕರ್ತೆ.

ಆದರೆ ಅಷ್ಟರಲ್ಲಿ ಇನ್ನೊಂದು ನಡೆದಿತ್ತು. ಆ ಹುಡುಗರಲ್ಲಿ ಒಬ್ಬ ಜಾಣ, ಆಗಲೇ 108ಕ್ಕೆ ಫೋನ್ ಮಾಡಿದ್ದ. ಎಲ್ಲಿಗೆ ಬರಬೇಕು ಅಂತ ಆ ಕಡೆಯವರು ಕೇಳಿದರೆ ಅವನಿಗೆ ಗೊತ್ತಿಲ್ಲ. ಆರು ತಿಂಗಳಿಂದ ಅಲ್ಲೇ ದುಡಿಯುತ್ತಿದ್ದಾನೆ, ಅಲ್ಲೇ ಮಲಗುತ್ತಾನೆ, ಊರಿನ ಹೆಸರು ಗೊತ್ತಿಲ್ಲ. ಯಾರೂ ಹೇಳಿರಲಿಲ್ಲ. ಫೋನು ಕೈಯಿಂದ ಕೈಗೆ ಹೋಯಿತು. ಕೊನೆಗೆ ರಸ್ತೆಯಲ್ಲಿ ದನ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜಿಯ ಕಿವಿಗೆ ಫೋನ್ ಇಟ್ಟರಂತೆ.

ಭಾವನಿಗೆ ಅದು ತುಂಬಾ ನೋವು ತಂದಿತು. ಮಾರನೇ ದಿನವೇ ಪೇಂಟರನ್ನು ಕರೆಸಿದರು. ಆಲೆಮನೆಯ ಸುಣ್ಣದ ಗೋಡೆಯ ಮೇಲೆ ಕನ್ನಡದಲ್ಲಿ, ಹಿಂದಿಯಲ್ಲಿ ಊರು, ಹೋಬಳಿ, ತಾಲ್ಲೂಕು, ಯಾವ ರಸ್ತೆ, ಯಾವ ಸೇತುವೆ ದಾಟಿ ಎಡಕ್ಕೆ, 108, ಭಾವನ ನಂಬರು, ಅಕ್ಕನ ನಂಬರು. ಕೊಡದಷ್ಟು ಎತ್ತರದ ಅಕ್ಷರ. ಗಾಣದ ಕರೆಂಟ್ ಸ್ವಿಚ್ಚು ಮೊದಲು ಮೋಟರ್ ಹಿಂದೆ ಇತ್ತು. ಕಬ್ಬು ಕೊಡುವವನ ಕೈಗೆ ಎಟುಕುವ ಕಡೆಗೆ ತಂದು ಕೆಂಪು ಬಣ್ಣ ಬಳಿಸಿದರು. ಸುತ್ತಮುತ್ತಲಿನ ಎರಡು ಆಲೆಮನೆಯವರು ನೋಡಿಕೊಂಡು ಹೋಗಿ ತಾವೂ ಬರೆಸಿದ್ದಾರೆ. ಈ ಇಡೀ ಬರಹದಲ್ಲಿ ನನಗೆ ತುಂಬಾ ಹೆಮ್ಮೆ ಅನ್ನಿಸುವುದು ಆ ಗೋಡೆ.

ಹಾವಿನ ವಿಷಯ ಹೇಳದೆ ಮುಗಿಸಿದರೆ ಕಬ್ಬಿನ ಜಿಲ್ಲೆಯವನಾಗಿ ತಪ್ಪಾಗುತ್ತದೆ. ಕಬ್ಬು ಕಡಿಯುವಾಗ ಕೊಳಕುಮಂಡಲ ಕಚ್ಚಿದರೆ ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕುಯ್ಯುವುದು, ಬಾಯಲ್ಲಿ ಹೀರುವುದು ಎಲ್ಲ ಕೆಡುಕೇ. ಕಚ್ಚಿದ ಕೈಕಾಲು ಅಲುಗಾಡದ ಹಾಗೆ ಕಟ್ಟಿಗೆ ಇಟ್ಟು ಸಡಿಲವಾಗಿ ಕಟ್ಟಿ, ನಡೆಸದೆ ಹೊತ್ತು ತರಬೇಕು. ಹಾವನ್ನು ಹೊಡೆದು ತರಬೇಕಿಲ್ಲ. ನಮ್ಮಲ್ಲಿ ಸಿಗುವ ಔಷಧಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ. 2024ರ ಫೆಬ್ರುವರಿಯಿಂದ ನಮ್ಮ ರಾಜ್ಯದಲ್ಲಿ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಬೇಕು. ಆ ಔಷಧಿ ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ, ರಾತ್ರಿ ಡಾಕ್ಟರು ಇರುತ್ತಾರಾ ಅಂತ ಕಟಾವು ಶುರುವಾಗುವ ಮುಂಚೆ ಹೋಗಿ ಕೇಳಿಕೊಂಡು ಬನ್ನಿ. ಹೊಲಕ್ಕೆ ಹೊಡೆಯುವ ಔಷಧಿ ಯಾರಾದರೂ ಕುಡಿದಿದ್ದರೆ ಉಪ್ಪುನೀರು, ಸಗಣಿ ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಆ ಡಬ್ಬಿಯನ್ನು ಜೊತೆಗೆ ತೆಗೆದುಕೊಂಡು ಓಡಿ. ಮನಸ್ಸು ಕುಗ್ಗಿದವರು ಮನೆಯಲ್ಲಿದ್ದರೆ ಆ ಡಬ್ಬಿ ಬೀಗದಲ್ಲಿರಲಿ. ಮಾತಾಡಲು 14416 ಇದೆ, ದುಡ್ಡಿಲ್ಲದ ಕರೆ.

ನಮ್ಮ ಹಾಳೆಯನ್ನು ಮೂರು ತಿಂಗಳಿಗೊಮ್ಮೆ ಹೊಸದಾಗಿ ಬರೆಯುತ್ತೇವೆ. ಮೊದಲ ಹಾಳೆಯಲ್ಲಿ ಅಪ್ಪನ ಹೆಸರು ಕಾಯಿಲೆಯವರ ಜಾಗದಲ್ಲಿ ಮಾತ್ರ ಇತ್ತು. ಎರಡನೇ ಸಲ ಬರೆಯುವಾಗ ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಎಲ್ಲರ್ಗೂ ಒಂದೊಂದ್ ಕೆಲ್ಸ ಹಾಕಿದ್ದೀರ. ನಿಮ್ಮವ್ವುಂಗೇ ಏನಾರ ಆದ್ರೆ ನಾನೇನ್ ಮಾಡ್ಲಿ?" ಅಂದರು. ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ಗೇಟಿನ ಬೀಗದ ಕೈ ಅವರಿಗೆ ಕೊಟ್ಟೆವು. ಬಾಗಿಲ ಪಕ್ಕ ಒಂದು ಮೊಳೆ ಹೊಡೆದು ತಾವೇ ನೇತುಹಾಕಿದರು. ಟಾರ್ಚ್ ಚಾರ್ಜ್ ಮಾಡುವುದನ್ನೂ ತಮ್ಮ ಹೆಸರಿಗೇ ಬರೆಸಿಕೊಂಡರು.

ಹೋದ ತಿಂಗಳು ರಾತ್ರಿ ಹನ್ನೊಂದೂವರೆಗೆ ಎದುರು ಮನೆಯವರು ಕೂಗಿದರು. ಆವತ್ತು ನಮಗೆ ಕಾರು ತೆಗೆದವರೇ. ಅವರ ತಾಯಿಗೆ ಮಾತು ತೊದಲುತ್ತಿತ್ತು. ನಾವು ಚಪ್ಪಲಿ ಮೆಟ್ಟುವ ಹೊತ್ತಿಗೆ ಅತ್ತಿಗೆ ಫೋನಿನಲ್ಲಿ ವಿಳಾಸ ಹೇಳುತ್ತಿದ್ದರು. ನಾನು ಗಡಿಯಾರ ನೋಡಿ, ಮಾತು ತೊದಲಲು ಶುರುವಾಗಿದ್ದು ಎಷ್ಟು ಗಂಟೆಗೆ ಅಂತ ಅವರನ್ನು ಕೇಳಿ ಅಂಗೈ ಮೇಲೆ ಬರೆದುಕೊಂಡೆ, ಹನ್ನೊಂದು ಇಪ್ಪತ್ತು. ಅಪ್ಪ ಮೊಳೆಯಿಂದ ಬೀಗದ ಕೈ ತೆಗೆದು ಗೇಟು ಪೂರ್ತಿ ತೆರೆದರು, ಬೀದಿಯಲ್ಲಿ ಆಂಬ್ಯುಲೆನ್ಸ್ ತಿರುಗಿಸಲು ನಮ್ಮ ಅಂಗಳವೂ ಬೇಕಾಗುತ್ತದೆ ಅಂತ. ತಿರುವಿನಲ್ಲಿ ಅಣ್ಣನ ಮಗಳು ಟಾರ್ಚ್ ಮೇಲಕ್ಕೆತ್ತಿ ಆಡಿಸುತ್ತಾ ನಿಂತಿದ್ದಳು.